ಅರವತ್ತು ತೂತಿನ ರಟ್ಟು

ಮೊದಲ ಸಲ ಸಿಇಟಿ ಬರೆದಾಗ ಭಾಗ್ಯಜ್ಯೋತಿಗೆ ಐದಂಕಿಯ ರ‍್ಯಾಂಕು ಬಂತು. ಅವಳಿಗೆ ಬೇಕಾಗಿದ್ದದ್ದು ಪಶುವೈದ್ಯಕೀಯ ಸೀಟು. ಆ ರ‍್ಯಾಂಕಿಗೆ ಅದು ಸಿಗುವ ಮಾತೇ ಇರಲಿಲ್ಲ.

ಅದು ೨೦೦೨ನೆಯ ಇಸವಿ. ಮನಗೂಳಿಯ ಅವರ ಮನೆಯಲ್ಲಿದ್ದವರು ಮೂರೇ ಜನ: ಭಾಗ್ಯಾ, ಅಪ್ಪ ಪರಪ್ಪ, ಅಪ್ಪನ ಅಕ್ಕ ರೇವವ್ವ. ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಪರಪ್ಪ ಸರಕಾರಿ ಬಸ್ಸಿನ ಕಂಡಕ್ಟರ್. ವಿಜಾಪುರದಿಂದ ಮನಗೂಳಿ ಮೇಲೆ ತಾಳಿಕೋಟೆಗೆ ಹೋಗುವ ಗಾಡಿ ಅವನದು. ರೇವವ್ವ ಗಂಡನ ಮನೆ ಬಿಟ್ಟು ಬಂದವಳು. ಎರಡು ಎಮ್ಮೆ ಕಟ್ಟಿದ್ದಳು, ಊರವರಿಗೆ ಕೌದಿ ಹೊಲಿದು ಕೊಡುತ್ತಿದ್ದಳು. ಸಾಲೆಯ ಮುಖ ಕಂಡಿರಲಿಲ್ಲ.

"ಬಾಗೇವಾಡಿ ಕಾಲೇಜಿನಾಗ ಬಿ.ಎಸ್ಸಿ.ಗೆ ಹಚ್ಚತೇನಿ. ಹೆಸರು ಹಚ್ಚೂದು ಇನ್ನೂ ನಡದೈತಿ," ಎಂದ ಪರಪ್ಪ.

"ಬ್ಯಾಡಪ್ಪಾ. ಒಂದು ವರ್ಷ ಮನ್ಯಾಗ ಕುಂತು ಮತ್ತ ಸಿಇಟಿ ಬರೀತೇನಿ," ಎಂದಳು ಭಾಗ್ಯಾ.

"ಬೆಳದ ಹುಡುಗಿ ವರ್ಷಗಟ್ಟಲೆ ಮನ್ಯಾಗ ಕುಂತರ ಮಂದಿ ಏನಂತಾರ?"

ರೇವವ್ವ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತದೇ ಹೇಳಿದಳು: "ನಾ ಹದಿನೆಂಟು ವರ್ಷ ಆತು ಈ ಮನ್ಯಾಗ ಕುಂತು. ಮಂದಿ ಅಂದರು, ಅಂದು ಅಂದು ಸಾಕಾಗಿ ಬಿಟ್ಟರು. ಅಕಿದು ಒಂದು ವರ್ಷ ಅಲ್ಲೇನು? ಕುಂಡರಲಿ ಬಿಡೋ ತಮ್ಮಾ."

ಪರಪ್ಪ ಅಕ್ಕನ ಮಾತಿಗೆ ಎದುರಾಡುವವನಲ್ಲ. ಭಾಗ್ಯಾ ಮನೆಯಲ್ಲಿ ಉಳಿದಳು.

ಅವಳು ಹಟಕ್ಕೆ ಬಿದ್ದು ಉಳಿದಳೇ ಹೊರತು ಹೇಗೆ ಓದಬೇಕೆಂಬುದು ಅವಳಿಗೂ ತಿಳಿದಿರಲಿಲ್ಲ. ಹೋದ ಸಲ ವಿಜಾಪುರದಿಂದ ಇಟ್ಟಿಗೆಯಷ್ಟು ದಪ್ಪನೆಯ ಗೈಡು ತರಿಸಿ, ಅದರ ಎರಡು ಸಾವಿರ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ್ದಳು. ಪರೀಕ್ಷೆಯಲ್ಲಿ ಅವುಗಳಲ್ಲಿ ನಾಲ್ಕು ಕೂಡ ಬಂದಿರಲಿಲ್ಲ. ಈ ಸಲವೂ ಅದೇ ಗೈಡು ತೆರೆದು ಕೂತಳು. ಎರಡು ತಿಂಗಳು ಹಾಗೇ ಹೋಯಿತು.

ಒಂದು ದಿನ ಪರಪ್ಪ ಬಸ್ಸಿನಲ್ಲಿ ಮೋದಿನಸಾಬ ಸರ್ ಪಕ್ಕದ ಸೀಟಿನಲ್ಲಿ ಕೂತು ಮಗಳ ವಿಷಯ ತೋಡಿಕೊಂಡ. ಮೋದಿನಸಾಬರು ತಾಳಿಕೋಟೆಯವರು. ಕೆಮಿಸ್ಟ್ರಿ ಲೆಕ್ಚರರ್ ಆಗಿ ನಿವೃತ್ತರಾಗಿದ್ದರು.

"ಬರೂ ಐತವಾರ ಕರ್ಕೊಂಡು ಬರ್ರಿ ಕಂಡಕ್ಟರ್ ಸಾಹೇಬ್ರ," ಎಂದರು ಅವರು. "ಗೈಡ್ ಮನ್ಯಾಗ ಬಿಟ್ಟು ಬರಾಕ ಹೇಳ್ರಿ."

ಐತವಾರ ತಂದೆ ಮಗಳು ತಾಳಿಕೋಟೆಗೆ ಹೋದರು. ಮೋದಿನಸಾಬರು ಅಟ್ಟದಿಂದ ಒಂದು ಬಟ್ಟೆಯ ಗಂಟು ಇಳಿಸಿ ಬಿಚ್ಚಿದರು. ಒಳಗೆ ಐದು ವರ್ಷದ ಸಿಇಟಿ ಪ್ರಶ್ನೆಪತ್ರಿಕೆಗಳಿದ್ದವು. ಪರೀಕ್ಷೆ ಮುಗಿಸಿ ಬಂದ ತಮ್ಮ ವಿದ್ಯಾರ್ಥಿಗಳಿಂದ ವರ್ಷ ವರ್ಷವೂ ಇಸಿದುಕೊಂಡು ಕೂಡಿಟ್ಟ ಅಸಲು ಪುಸ್ತಿಕೆಗಳು. ಜೊತೆಗೆ ಪರೀಕ್ಷೆ ನಡೆಸುವವರೇ ಹೊರಡಿಸಿದ ಸರಿ ಉತ್ತರದ ಪಟ್ಟಿಗಳು.

"ನೋಡವ್ವಾ," ಎಂದರು ಮೋದಿನಸಾಬರು, "ಗೈಡ್ ಬರದಾವ ಬ್ಯಾರೆ, ಪೇಪರ್ ತಗದಾವ ಬ್ಯಾರೆ. ನೀ ಎದರಸಬೇಕಾಗಿದ್ದು ಪೇಪರ್ ತಗದಾವನ್ನ. ಅವ ಹೆಂಗ ಕೇಳತಾನ, ಎಲ್ಲಿ ಎಡವಸತಾನ ಅನ್ನೂದು ಇದರಾಗ ಐತಿ. ಪಠ್ಯ ಪುಸ್ತಕ ಓದು, ಆಮ್ಯಾಲ ಇವನ್ನ ಬಿಡಸು. ಮತ್ತೇನೂ ಬ್ಯಾಡ."

"ಹೆಂಗ ಬಿಡಸಬೇಕ್ರಿ ಸರ್?"

"ಪರೀಕ್ಷಾಕ್ಕ ಕುಂತಂಗ. ಮುಂಜಾನಿ ಹತ್ತೂವರಿಗೆ ಕುಂಡರಬೇಕು. ಎಂಬತ್ತು ನಿಮಿಷ, ಅರವತ್ತು ಪ್ರಶ್ನಿ. ಗಡಿಯಾರ ನಿಲ್ಲಸಂಗಿಲ್ಲ, ನೀರಿಗೂ ಏಳಂಗಿಲ್ಲ. ಒಂದು ವರ್ಷದ ಮೂರೂ ಪೇಪರ್ ಮುಗಿಯೂತನಕ ಉತ್ತರದ ಪಟ್ಟಿ ನೀ ಕಣ್ಣಾಗ ನೋಡಂಗಿಲ್ಲ. ಮಾರ್ಕ್ಸ್ ಬ್ಯಾರೆದವರು ಎಣಸಬೇಕು. ಮತ್ತ ಪುಸ್ತಿಕಿ ಮ್ಯಾಲ ಒಂದು ಗೀಟೂ ಬೀಳಬಾರದು."

ಬ್ಯಾರೆದವರು ಎಂದರೆ ಯಾರು? ಅಪ್ಪ ಬೆಳಗಾಗುವ ಮೊದಲೇ ಡ್ಯೂಟಿಗೆ ಹೋಗುವವನು. ಉಳಿದವಳು ಅತ್ತಿ, ಅವಳಿಗೆ ಅಕ್ಷರ ಬಾರದು. ಭಾಗ್ಯಾ ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸುತ್ತಿದ್ದಳು. ಪರೀಕ್ಷೆಯಲ್ಲಿ ಉತ್ತರದ ಹಾಳೆಯನ್ನು ಮಷೀನು ಓದುತ್ತದೆ. ಅದು ಅಕ್ಷರ ಓದುವುದಿಲ್ಲ, ಕಪ್ಪು ಚುಕ್ಕೆ ಎಲ್ಲಿದೆ ಎಂಬುದನ್ನಷ್ಟೇ ನೋಡುತ್ತದೆ. ಅಷ್ಟನ್ನು ಅತ್ತಿಯೂ ನೋಡಬಹುದಲ್ಲ!

ಮನೆಗೆ ಬಂದವಳೇ ಒಂದು ಹಾಳೆಯ ಮೇಲೆ ಅರವತ್ತು ಸಾಲು, ಸಾಲಿಗೆ ನಾಲ್ಕು ಸೊನ್ನೆ ಬರೆದು, ಬಾಗೇವಾಡಿಯಲ್ಲಿ ಅದರ ಝೆರಾಕ್ಸ್ ತೆಗೆಸಿದಳು. ಇನ್ನು ಆ ಹಾಳೆಯ ಮೇಲಿಟ್ಟು ನೋಡಲು, ಸರಿ ಉತ್ತರವಿದ್ದಲ್ಲಿ ತೂತು ಮಾಡಿದ ರಟ್ಟುಗಳು. ಪ್ರತಿ ಪೇಪರಿಗೂ ಒಂದೊಂದು ಬೇಕು. ಆದರೆ ಸರಿ ಉತ್ತರದ ಪಟ್ಟಿಯನ್ನು ತಾನೇ ನೋಡಿ ಗುರುತು ಮಾಡಿದರೆ ಉತ್ತರ ತಿಳಿದುಹೋಗುತ್ತದೆ. ಅದಕ್ಕೂ ಉಪಾಯ ಹುಡುಕಿದಳು. ಪಟ್ಟಿಯಲ್ಲಿ ಉತ್ತರಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಅಂಕಿಯಲ್ಲಿ ಕೊಟ್ಟಿದ್ದರು. ಆ ನಾಲ್ಕು ಅಂಕಿಗಳನ್ನು ಅತ್ತಿಗೆ ಕಲಿಸಿದಳು. ಪ್ರತಿ ಪಟ್ಟಿಯ ಮೊದಲ ಕಾಲಮ್ಮಿನ ತಲೆಯ ಮೇಲಿದ್ದ ಗುರುತನ್ನು ರಟ್ಟಿನ ಮೂಲೆಯಲ್ಲಿ ಬರೆದು, "ಈ ಸಾಲು ಮ್ಯಾಲಿಂದ ಕೆಳಗ ನೋಡ್ಕೋತ ಹೋಗಿ ತೂತು ಹಾಕು ಅತ್ತಿ," ಎಂದು ಹೇಳಿ ತಾನು ಎಮ್ಮೆಯ ಹತ್ತಿರ ಹೋದಳು.

ರೇವವ್ವನಿಗೆ ಅದು ಕೌದಿಯ ಚೌಕಗಳನ್ನು ಹೊಂದಿಸಿದಷ್ಟೇ ಸಲೀಸಾಗಿತ್ತು. ಅಂಗಿ ಡಬ್ಬಿಯ ರಟ್ಟಿನಲ್ಲಿ ದಬ್ಬಣದಿಂದ ಒಂದೊಂದು ಸಾಲಿಗೆ ಒಂದೊಂದು ತೂತು ಮಾಡಿದಳು. ಉತ್ತರದ ಹಾಳೆಯ ಮೇಲೆ ಆ ರಟ್ಟನ್ನಿಟ್ಟರೆ ಸರಿ ಇದ್ದಲ್ಲಿ ತೂತಿನಲ್ಲಿ ಕಪ್ಪು ಕಾಣಬೇಕು, ತಪ್ಪಿದ್ದಲ್ಲಿ ಬಿಳಿ.

ಮರುದಿನದಿಂದ ಪರಪ್ಪನ ಮನೆಯ ಪಡಸಾಲೆ ಪರೀಕ್ಷೆಯ ಹಾಲ್ ಆಯಿತು. ಹತ್ತೂವರೆಗೆ ರೇವವ್ವ ಅಲಾರಾಂ ಗಡಿಯಾರ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಪಕ್ಕದ ಮನೆಯ ತಿಪ್ಪವ್ವ ಒಮ್ಮೆ ಹರಿದ ಸೀರೆಗಳ ಗಂಟು ಹೊತ್ತು ಬಂದು, "ಯವ್ವಾ, ನಮ್ಮ ಕೌದಿ ಎಲ್ಲಿಗೆ ಬಂತು?" ಎಂದಳು.

"ಹೊರಗ ನಿಂದ್ರು. ಪರೀಕ್ಷಾ ನಡದೈತಿ," ಎಂದಳು ರೇವವ್ವ.

"ಪರೀಕ್ಷಾನ? ಮನ್ಯಾಗ?"

"ಮಾತಾಡಬ್ಯಾಡ ಅಂದ್ನೆಲ್ಲ! ಇನ್ನೂ ಮುಳ್ಳು ಅಲ್ಲಿಗೆ ಬಂದಿಲ್ಲ."

ಮೊದಲನೆಯ ವರ್ಷದ ಪೇಪರುಗಳಲ್ಲಿ ಭಾಗ್ಯಾಳಿಗೆ ಬಂದದ್ದು ಇಪ್ಪತ್ತೊಂಬತ್ತು, ಮೂವತ್ತೊಂದು, ಇಪ್ಪತ್ತೇಳು. ಮೂರನೆಯದನ್ನು ಎಣಿಸಿ ಮುಗಿಸಿದ ರೇವವ್ವ ರಟ್ಟು ಎತ್ತದೇ ತೂತುಗಳ ಮೇಲೆ ಬಗ್ಗಿದಳು.

"ಏನಾತು ಅತ್ತಿ?"

"ನೀ ಪೆನ್ಸಿಲ್ಲಿಲೆ ಬರದು ಅಳಸತಿಯಲ್ಲ, ಯಾಕ ಅಳಸತಿ?"

"ಮೊದಲ ಒಂದು ಹಾಕಿರತೇನಿ, ಆಮ್ಯಾಲ ಅನುಮಾನ ಬರತೈತಿ, ಬದಲ ಮಾಡತೇನಿ."

"ಇಲ್ನೋಡು. ಈ ತೂತಿನಾಗ ಅಳಿಸಿದ ಹೊಲಸು ಕಾಣತೈತಿ. ಇಲ್ಲೂ ಕಾಣತೈತಿ, ಇಲ್ಲೂ. ಸರಿ ಇದ್ದದ್ದು ಅಳಿಸಿ ತಪ್ಪು ಹಾಕಿ ಬಂದಿ."

ಇಬ್ಬರೂ ಕೂತು ಮೂರೂ ಹಾಳೆ ಮತ್ತೆ ನೋಡಿದರು. ಅಳಿಸಿದ್ದು ಒಟ್ಟು ಇಪ್ಪತ್ತಾರು ಕಡೆ. ಅದರಲ್ಲಿ ಹದಿನೇಳು ಕಡೆ ಮೊದಲು ಹಾಕಿದ್ದೇ ಸರಿಯಿತ್ತು. ಹತ್ತನೆಯ ತನಕ ಕನ್ನಡದಲ್ಲಿ ಓದಿ ಪಿಯುಸಿಗೆ ಇಂಗ್ಲಿಷಿಗೆ ಬಂದವಳು ಭಾಗ್ಯಾ. ಉತ್ತರ ಗೊತ್ತಿದ್ದರೂ, ಪ್ರಶ್ನೆ ತಿಳಿಯುವಲ್ಲಿ ತಪ್ಪಿದೆನೇನೋ ಎಂಬ ಹೆದರಿಕೆ ಅವಳನ್ನು ಬಿಟ್ಟಿರಲಿಲ್ಲ.

ಅಂದಿನಿಂದ ಪೆನ್ಸಿಲ್ಲು, ರಬ್ಬರು ಬಿಟ್ಟು ಪೆನ್ನು ಹಿಡಿದಳು. ಒಂದು ತಿಂಗಳು ಪಠ್ಯಪುಸ್ತಕ, ಮೂರು ದಿನ ಪೇಪರು, ಎರಡು ದಿನ ತಪ್ಪಿದ್ದನ್ನು ತಿದ್ದುವುದು. ಎರಡನೆಯ ವರ್ಷದ ಪೇಪರುಗಳಲ್ಲಿ ಮೂವತ್ತೈದರ ಆಸುಪಾಸು ಬಂತು, ಮೂರನೆಯದರಲ್ಲಿ ನಲವತ್ತರ ಆಸುಪಾಸು. ಆ ಪುಸ್ತಿಕೆಗಳಲ್ಲಿ ಬಂದ ಮಾತುಗಳೇ ಮತ್ತೆ ಮತ್ತೆ ಬರುತ್ತಿದ್ದವು. ಪ್ರಶ್ನೆ ಕೇಳುವವನು ಎಲ್ಲಿ 'ಅಲ್ಲ' ಎಂಬ ಪದ ಅಡಗಿಸುತ್ತಾನೆ ಎಂಬುದು ಅವಳ ಕಣ್ಣಿಗೆ ತಾನಾಗಿ ಬೀಳತೊಡಗಿತು. ಸಂಕ್ರಾಂತಿಯ ಹೊತ್ತಿಗೆ ಅವಳ ನಡಿಗೆಯೇ ಬದಲಾಗಿತ್ತು.

ಫೆಬ್ರವರಿಯಲ್ಲಿ ನಾಲ್ಕನೆಯ ವರ್ಷದ ಕಟ್ಟು ತೆಗೆದಳು. ಬಯಾಲಜಿ ಬರೆದು ಎದ್ದಾಗ ನಲವತ್ತರ ಮೇಲೆ ಬಂದೇ ಬರುತ್ತದೆ ಎನ್ನಿಸಿತ್ತು. ರೇವವ್ವ ರಟ್ಟು ಇಟ್ಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಎಷ್ಟು ಅತ್ತಿ?"

"ಹದಿನೈದು."

ಮರುದಿನ ಫಿಸಿಕ್ಸ್ ಹದಿಮೂರು. ಅದರ ಮರುದಿನ ಕೆಮಿಸ್ಟ್ರಿ ಹದಿನಾರು.

ಮೂರೂ ಮುಗಿದ ಮೇಲೆ ಭಾಗ್ಯಾ ಫಿಸಿಕ್ಸಿನ ಮೊದಲ ತಪ್ಪನ್ನು ನೋಡಿದಳು. ಕಲ್ಲು ಮೇಲಿಂದ ಬೀಳುವ ಸಣ್ಣ ಲೆಕ್ಕ. ಮೂರು ಸಲ ಮಾಡಿದಳು, ಮೂರು ಸಲವೂ ತನ್ನ ಉತ್ತರವೇ ಬಂತು. ರಟ್ಟಿನ ತೂತು ಮಾತ್ರ ಬೇರೆ ಕಡೆ ಇತ್ತು. ಪರೀಕ್ಷೆ ನಡೆಸುವವರೇ ಕೊಟ್ಟ ಉತ್ತರ ತಪ್ಪಿರಲು ಸಾಧ್ಯವೇ? ಹಾಗಾದರೆ ಪ್ರಶ್ನೆಯೇ ತನಗೆ ತಿಳಿದಿಲ್ಲ. ಹೊಸ ವರ್ಷಗಳ ಪೇಪರು ಬಿಗಿಯಾಗಿವೆ, ತನ್ನ ಓದು ಹಳೆಯ ಪೇಪರಿಗಷ್ಟೇ ಸಾಲುತ್ತದೆ. ಹೀಗೆ ತಿಳಿದುಕೊಂಡು ಅವಳು ಉಳಿದ ತಪ್ಪುಗಳನ್ನು ನೋಡುವುದಕ್ಕೂ ಹೋಗಲಿಲ್ಲ. ಸಂಜೆ ಅಪ್ಪ ಬಂದಾಗ ಗಂಟು ಕಟ್ಟಿ ಅವನ ಮುಂದಿಟ್ಟಳು.

"ನಾಳೆ ಸರ್‌ಗೆ ಕೊಟ್ಟ ಬಿಡಪ್ಪಾ. ನನ್ನ ಕೈಲೆ ಆಗೂದಿಲ್ಲ. ಜೂನಿನಾಗ ಬಿ.ಎಸ್ಸಿ.ಗೆ ಹೋಗತೇನಿ."

ಪರಪ್ಪ ಗಂಟನ್ನು ಕೈಚೀಲಕ್ಕೆ ಹಾಕಿಕೊಂಡ.

ಮರುದಿನ ಬೆಳಗ್ಗೆ ಪರಪ್ಪ ವಿಜಾಪುರದ ಡಿಪೋಗೆ ಹೋದ ಮೇಲೆ ರೇವವ್ವ ಕಸ ಹೊಡೆಯುತ್ತ ರಟ್ಟುಗಳನ್ನು ಒಂದೆಡೆ ಒಟ್ಟುತ್ತಿದ್ದಳು. ಹದಿನೈದು ರಟ್ಟುಗಳ ಮೂಲೆಯಲ್ಲೂ ಒಂದೇ ಗುರುತು ಇತ್ತು. ಅವಳು ಕಸಬರಿಗೆ ಕೆಳಗಿಟ್ಟಳು.

"ಭಾಗ್ಯಾ, ಈ ಗುಡಸಲ ಬರದಿಯಲ್ಲ ಮೂಲ್ಯಾಗ, ಏನಿದು?"

"ಅದು 'ಎ' ಅತ್ತಿ. ಇಂಗ್ಲಿಷ್ ಅಕ್ಷರ. ಪಟ್ಟಿ ಮ್ಯಾಲ ಇತ್ತು, ಬರದೆ."

"ಮೊದಲಿನ ಪುಸ್ತಕದ ಮ್ಯಾಲೂ ಗುಡಸಲ ಇತ್ತು. ಆದರ ಮೊನ್ನಿ ಮೂರು ಪುಸ್ತಕದ ಮ್ಯಾಲ ಗುಡಸಲ ಇರಲಿಲ್ಲ. ಎರಡು ಹೊಟ್ಟಿ ಇದ್ದದ್ದು ಇತ್ತು. ದಿನಾ ನಾನ ಎತ್ತಿಡತೇನಿ, ನಂಗ ನೆಪ್ಪೈತಿ."

ಭಾಗ್ಯಾ ಹಾಸಿಗೆಯಿಂದ ಎದ್ದು ಕೂತಳು. ಎರಡು ಹೊಟ್ಟೆಯದು. 'ಬಿ'.

ಪರೀಕ್ಷೆಯ ಕೋಣೆಯಲ್ಲಿ ಅಕ್ಕಪಕ್ಕದವರಿಗೆ ಒಂದೇ ಪುಸ್ತಿಕೆ ಕೊಡುವುದಿಲ್ಲ. ಪ್ರಶ್ನೆಗಳು ಅವೇ, ಆದರೆ ಕ್ರಮ ಬೇರೆ. ಪ್ರತಿ ಕ್ರಮಕ್ಕೂ ಒಂದು ಗುರುತು. ಉತ್ತರದ ಪಟ್ಟಿಯಲ್ಲಿ ಒಂದೊಂದು ಗುರುತಿಗೆ ಒಂದೊಂದು ಕಾಲಮ್ಮು. ಹೋದ ವರ್ಷ ಪರೀಕ್ಷೆಯಲ್ಲಿ ಅವಳೇ ಆ ಗುರುತು ತುಂಬಿದ್ದಳು, ಯಾಕೆಂದು ವಿಚಾರ ಮಾಡಿರಲಿಲ್ಲ. ಈಗ ಎಲ್ಲ ರಟ್ಟಿಗೂ ಮೊದಲ ಕಾಲಮ್ಮನ್ನೇ ತೋರಿಸಿದ್ದಳು. ಮೊದಲ ಮೂರು ವರ್ಷದ ಪುಸ್ತಿಕೆಗಳು 'ಎ' ಆಗಿದ್ದರಿಂದ ಸರಿ ಹೋಗಿತ್ತು. ನಾಲ್ಕನೆಯ ವರ್ಷದ್ದು 'ಬಿ'.

"ಅಪ್ಪನ ಗಾಡಿ ಎಷ್ಟೊತ್ತಿಗೆ ಇಲ್ಲಿ ಬರತೈತಿ ಅತ್ತಿ?"

"ಇಷ್ಟೊತ್ತಿಗೆ ಬರಬೇಕು. ನಡಿ!"

ರೇವವ್ವ ಮುಂದೆ, ಉತ್ತರದ ಹಾಳೆಗಳನ್ನು ಎದೆಗವಚಿಕೊಂಡ ಭಾಗ್ಯಾ ಹಿಂದೆ, ಇಬ್ಬರೂ ಬಸ್ ಸ್ಟ್ಯಾಂಡಿಗೆ ಓಡಿದರು. ಪರಪ್ಪ ಸೀಟಿ ಊದಿದ್ದ, ಗಾಡಿ ಆಗಲೇ ಹೊರಟಿತ್ತು. ರೇವವ್ವ ಸೀದಾ ಗಾಡಿಯ ಮುಂದೆ ಹೋಗಿ ಎರಡೂ ಕೈ ಎತ್ತಿ ನಿಂತಳು. ಡ್ರೈವರ್ ಮಹಮ್ಮದಹನೀಫ ಬ್ರೇಕ್ ಒತ್ತಿ, "ಏ ಅಕ್ಕಾ, ಸಾಯಾಕ ಬಂದಿಯೇನು!" ಎಂದು ಕೂಗಿದ.

"ಸಾಯಾಕಲ್ಲೋ ಹನೀಫಾ, ಗಂಟು ಇಸಗೊಳ್ಳಾಕ. ತಮ್ಮಾ, ಆ ಗಂಟು ಕೊಡಿಲ್ಲಿ!"

ಪರಪ್ಪ ಬಾಗಿಲಲ್ಲಿ ಬಂದು ನಿಂತ. ಗಾಡಿಯೊಳಗಿನ ಮಂದಿಯೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಅಕ್ಕಾ, ಅದನ್ನ ಸರ್‌ಗೆ ಕೊಡಬೇಕಲ್ಲ. ಅಕಿನ ಹೇಳ್ಯಾಳ, ಆಗೂದಿಲ್ಲಂತ."

"ಆಗತೈತಿ ಅಪ್ಪಾ," ಎಂದಳು ಭಾಗ್ಯಾ. ಏದುಸಿರು ಬರುತ್ತಿತ್ತು. "ತಪ್ಪು ಓದಿಂದಲ್ಲ. ರಟ್ಟಿಂದು. ಕೊಡು."

ಪರಪ್ಪ ಮಗಳ ಮುಖ ನೋಡಿ ಗಂಟು ಕೊಟ್ಟ. ಗಾಡಿ ಹೋಯಿತು. ಭಾಗ್ಯಾ ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಗಂಟು ಬಿಚ್ಚಿದಳು. ಪುಸ್ತಿಕೆಯ ಮೇಲೆ 'ಬಿ' ಇತ್ತು. ಪಟ್ಟಿಯ ಎರಡನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಒಂದೊಂದೇ ಉತ್ತರ ಓದುತ್ತ ಹೋದಳು. ರೇವವ್ವ ಪಕ್ಕದಲ್ಲಿ ಕೂತು, ಸರಿ ಎಂದಾಗಲೆಲ್ಲ ಒಂದು ಬೆರಳು ಮಡಚಿದಳು. ಕೆಳಗೆ ಬೀಳುವ ಕಲ್ಲಿನ ಲೆಕ್ಕ ಸರಿಯಿತ್ತು. ಬಯಾಲಜಿ ನಲವತ್ಮೂರು, ಫಿಸಿಕ್ಸ್ ಮೂವತ್ತೊಂಬತ್ತು, ಕೆಮಿಸ್ಟ್ರಿ ನಲವತ್ನಾಲ್ಕು.

ಭಾಗ್ಯಾ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟಳು.

"ಈಗ್ಯಾಕ ಅಳತಿ ಹುಚ್ಚಿ?"

"ಮೂರು ಸಲ ಲೆಕ್ಕ ಮಾಡಿದ್ನೆಲ್ಲ ಅತ್ತಿ. ಮೂರು ಸಲಾನೂ ಸರಿ ಬಂದಿತ್ತು. ನಾನ ನಂಬಲಿಲ್ಲ."

"ಇನ್ನ ಮ್ಯಾಲ ನಂಬು. ಏಳು, ಎಮ್ಮಿಗೆ ನೀರು ಕುಡಸಿಲ್ಲ."

ಐದನೆಯ ವರ್ಷದ ಪೇಪರುಗಳನ್ನು ಅವಳು ಮಾರ್ಚ್ ಕೊನೆಯಲ್ಲಿ ಬಿಡಿಸಿದಳು. ಅಷ್ಟರಲ್ಲಿ ಬಿಸಿಲು ಏರಿತ್ತು, ಹತ್ತು ಗಂಟೆಗೇ ಕರೆಂಟ್ ಹೋಗುತ್ತಿತ್ತು. ರೇವವ್ವ ಬೀಸಣಿಗೆ ಬೀಸಲು ಬಂದರೆ ಭಾಗ್ಯಾ ಬೇಡವೆಂದಳು. "ಅಲ್ಲಿ ಯಾರು ಬೀಸತಾರ?" ಮೂರರಲ್ಲೂ ನಲವತ್ತೈದು ದಾಟಿತು. ಮುಗಿದ ಮೇಲೆ ಮೊದಲ ವರ್ಷದ್ದರಿಂದ ಮತ್ತೆ ಶುರು ಮಾಡಿದಳು. ಈ ಸಲ ಎಂಬತ್ತು ನಿಮಿಷವಲ್ಲ, ಎಪ್ಪತ್ತು.

ಪರೀಕ್ಷೆ ವಿಜಾಪುರದಲ್ಲಿ. ಎರಡು ದಿನವೂ ರೇವವ್ವ ಜೊತೆಗೆ ಹೋಗಿ ಕಾಲೇಜಿನ ಗೇಟಿನ ಹೊರಗೆ ಬೇವಿನ ನೆರಳಿನಲ್ಲಿ ಕೂತಳು. ಬಯಾಲಜಿ ಸಲೀಸಾಗಿ ಹೋಯಿತು. ಎರಡನೆಯ ದಿನದ ಫಿಸಿಕ್ಸ್ ಮಾತ್ರ ಬಿಗಿಯಾಗಿತ್ತು. ಮೊದಲ ಐದು ಪ್ರಶ್ನೆಗಳಲ್ಲಿ ಮೂರು ಅವಳಿಗೆ ಬರಲಿಲ್ಲ. ಪಕ್ಕದ ಬೆಂಚಿನ ಹುಡುಗಿ ಪುಸ್ತಿಕೆ ಮಗುಚಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು. ಹೋದ ವರ್ಷವಾಗಿದ್ದರೆ ಭಾಗ್ಯಾ ಅಲ್ಲೇ ಕೂತು ಆ ಮೂರರ ಜೊತೆಗೇ ಅರ್ಧ ಗಂಟೆ ಗುದ್ದಾಡುತ್ತಿದ್ದಳು. ಈಗ ಪೆನ್ನು ಕೆಳಗಿಟ್ಟು ಹತ್ತು ಎಣಿಸಿ, ಆ ಮೂರನ್ನೂ ಬಿಟ್ಟು ಆರನೆಯದಕ್ಕೆ ಹೋದಳು. ಅರವತ್ತನ್ನೂ ಒಂದು ಸುತ್ತು ಮುಗಿಸಿದಾಗ ಒಂಬತ್ತು ಉಳಿದಿದ್ದವು, ಹದಿನಾಲ್ಕು ನಿಮಿಷ ಉಳಿದಿತ್ತು. ಆರನ್ನು ಮಾಡಿದಳು. ಮೂರಕ್ಕೆ ಮನಸ್ಸು ಹೇಳಿದ ಕಡೆ ಗುರುತು ಹಾಕಿದಳು. ಆ ಮೂರರಲ್ಲಿ ಎರಡು ತಪ್ಪೆಂದು ಆಮೇಲೆ ತಿಳಿಯಿತು. ಅದಕ್ಕೆ ಅವಳು ಮರುಗಲಿಲ್ಲ.

ಜೂನಿನಲ್ಲಿ ಫಲಿತಾಂಶ ಬಂದಾಗ ರ‍್ಯಾಂಕು ನಾಲ್ಕಂಕಿಯದು, ಅದರಲ್ಲೂ ಮೊದಮೊದಲಿನದು. ಭಾಗ್ಯಾ ತಾಳಿಕೋಟೆಗೆ ಹೋಗಿ ಗಂಟು ಒಪ್ಪಿಸಿದಳು. ಮೋದಿನಸಾಬರು ಒಂದೊಂದೇ ಪುಸ್ತಿಕೆ ತೆಗೆದು, ಗೀಟು ಬಿದ್ದಿದೆಯೇ ಎಂದು ನೋಡಿ, ಬಿದ್ದಿಲ್ಲವೆಂದು ಖಾತ್ರಿಯಾದ ಮೇಲೆ ಕೇಳಿದರು: "ಈ ಸಲದ ಪೇಪರ್ ಎಲ್ಲಿ?" ಅವಳು ಚೀಲದಿಂದ ಮೂರೂ ತೆಗೆದುಕೊಟ್ಟಳು. ಅವರು ಅವನ್ನೂ ಗಂಟಿಗೆ ಸೇರಿಸಿ, "ಸಿಂದಗಿಯಿಂದ ಒಬ್ಬಾಕಿ ಬರಾಕಿ ಅದಾಳ, ಜಾಸ್ಮಿನ ಅಂತ," ಎಂದರು.

ಸೀಟು ಹಂಚುವುದು ಬೆಂಗಳೂರಿನಲ್ಲಿ. ತಂದೆ ಮಗಳು ರಾತ್ರಿಯೆಲ್ಲ ಪ್ರಯಾಣ ಮಾಡಿ ಹೋದರು. ದೊಡ್ಡ ಹಾಲಿನಲ್ಲಿ ಉಳಿದ ಸೀಟುಗಳ ಲೆಕ್ಕ ಪರದೆಯ ಮೇಲೆ ಬರುತ್ತಿತ್ತು. ಬೆಂಗಳೂರಿನ ಪಶುವೈದ್ಯಕೀಯ ಸೀಟುಗಳು ಅವಳ ಕಣ್ಣೆದುರೇ ಮುಗಿದವು. ಬೀದರಿನಲ್ಲಿ ಐದಿದ್ದವು, ಆಮೇಲೆ ಮೂರು. ಅವಳ ಹೆಸರು ಕರೆದಾಗ ಎರಡು.

ಕಂಪ್ಯೂಟರಿನ ಮುಂದಿದ್ದ ಅಧಿಕಾರಿ ಅವಳ ಕಾಗದಪತ್ರ ನೋಡಿ ಹೇಳಿದರು: "ನಿನ್ನ ರ‍್ಯಾಂಕಿಗೆ ಆಯುರ್ವೇದ ಕೂಡ ಸಿಗುತ್ತಮ್ಮಾ, ಒಳ್ಳೇ ಕಾಲೇಜು. ಮನುಷ್ಯರ ಡಾಕ್ಟರೇ ಆಗಬಹುದು. ಹೆಣ್ಣುಮಗಳು, ದನ ಎಮ್ಮೆ ಅಂತ ಯಾಕೆ ಒದ್ದಾಡ್ತೀಯ? ಯೋಚನೆ ಮಾಡು."

ಪರಪ್ಪ ಮಗಳ ಕಡೆ ವಾಲಿ ಪಿಸುಗುಟ್ಟಿದ: "ಮಂದಿ ಡಾಕ್ಟರ್ ಅಂದ್ರ ಛಲೋನ ಐತಿ ನೋಡವ್ವಾ."

"ಅಪ್ಪಾ, ನೀ ಸುಮ್ಮಕಿರು," ಎಂದಳು ಭಾಗ್ಯಾ ಮೆಲ್ಲಗೆ. ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. "ಬೀದರ ವೆಟರ್ನರಿ ಹಾಕ್ರಿ ಸರ್."

"ಒಂದ್ಸಲ ಒತ್ತಿದರೆ ಬದಲಾಯಿಸೋಕಾಗಲ್ಲ ಇಲ್ಲಿ. ಖಚಿತ ತಾನೇ?"

"ಹೌದ್ರಿ. ಬದಲ ಮಾಡಾಂಗಿಲ್ರಿ."

ಅಧಿಕಾರಿ ಕೀಲಿ ಒತ್ತಿದರು. ಪರದೆಯ ಮೇಲೆ ಬೀದರಿನ ಮುಂದೆ ಎರಡು ಇದ್ದದ್ದು ಒಂದಾಯಿತು.